ಪ್ರೆಸ್ ಮೆಷಿನ್‌ಗೆ ತಮ್ಮನ ಬೆರಳು ಹೋಯಿತು, ಕಂಟ್ರಾಕ್ಟರ್ 25 ಸಾವಿರ ಕೊಟ್ಟು ಸಹಿ ಕೇಳುತ್ತಿದ್ದಾನೆ. ಹಾಕಬಹುದಾ?

ಹಾಕಬೇಡಿ ಅಕ್ಕಾ. ಮೊದಲು ಇಷ್ಟು ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನಕ್ಕೆ ಓದಿ.

ನೀವು ಬರೆದದ್ದರಲ್ಲಿ ನನಗೆ ಅರ್ಥ ಆಗಿದ್ದು ಇಷ್ಟು. ತಮ್ಮನಿಗೆ 25 ವರ್ಷ. ಕೋಲಾರದ ವೇಮಗಲ್ ಕಡೆ ಗಾಡಿ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಮೇಲೆ ಕೆಲಸ, ತಿಂಗಳಿಗೆ 14,500 ಸಂಬಳ. ನೈಟ್ ಶಿಫ್ಟ್‌ನಲ್ಲಿ ಬಲಗೈ ತೋರುಬೆರಳು ಎರಡು ಗೆಣ್ಣು ಹೋಗಿದೆ. ಕಂಟ್ರಾಕ್ಟರ್ ಕಡೆಯವರು ಖಾಸಗಿ ನರ್ಸಿಂಗ್ ಹೋಂಗೆ ಸೇರಿಸಿ ಬಿಲ್ ಕಟ್ಟಿದ್ದಾರೆ. ಈಗ "25 ಸಾವಿರ ತಗೊಳ್ಳಿ, ಇನ್ನು ನಮ್ಮ ಮೇಲೆ ಯಾವ ಕ್ಲೇಮೂ ಇಲ್ಲ ಅಂತ ಬರೆದುಕೊಡಿ" ಎನ್ನುತ್ತಿದ್ದಾರೆ. ಕಂಟ್ರಾಕ್ಟ್ ಹುಡುಗನಿಗೆ ಕಂಪನಿ ಮೇಲೆ ಹಕ್ಕೇ ಇಲ್ಲ ಎಂದೂ ಹೇಳಿದ್ದಾರೆ.

ನಾನು ನರಸಾಪುರದ ಹತ್ತಿರ ಒಂದು ಸಣ್ಣ ಸೇವಾ ಕೇಂದ್ರ ನಡೆಸುತ್ತೇನೆ. ಅದಕ್ಕೆ ಮೊದಲು ಪ್ರೆಸ್ ಶಾಪ್‌ನಲ್ಲೇ ಆಪರೇಟರ್ ಆಗಿದ್ದೆ, ಅದೂ ಕಂಟ್ರಾಕ್ಟ್ ಮೇಲೆಯೇ. ಪಿಎಫ್ ಕ್ಲೇಮ್, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾರ್ಡ್ ಅಂತ ನಮ್ಮಲ್ಲಿಗೆ ಬರುವ ಹುಡುಗರಲ್ಲಿ ಬೆರಳು ಕಳೆದುಕೊಂಡವರು ಇರುತ್ತಾರೆ. ಬಯೋಮೆಟ್ರಿಕ್‌ಗೆ ಬೆರಳು ಇಡಪ್ಪ ಎಂದರೆ ಬಲಗೈ ಜೇಬಿನಲ್ಲೇ ಇಟ್ಟುಕೊಂಡು ಎಡಗೈ ಮುಂದೆ ಮಾಡುತ್ತಾರೆ. ಇಪ್ಪತ್ತೆರಡು, ಇಪ್ಪತ್ಮೂರು ವರ್ಷದ ಮಕ್ಕಳು. ಅದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆ ಕಾಗದದ ವಿಷಯ ಮೊದಲು. ಅಪಘಾತದ ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆ ಎಂದು ಕಾರ್ಮಿಕನಿಂದ ಬರೆಸಿಕೊಂಡರೆ ಅದು ಕಾನೂನಿನಲ್ಲಿ ನಿಲ್ಲುವುದಿಲ್ಲ. 1923ರ ಕಾರ್ಮಿಕರ ಪರಿಹಾರ ಕಾಯಿದೆಯ ಕಾಲದಿಂದಲೂ ಈ ಮಾತಿದೆ. ಹಾಗಾದರೆ ಸಹಿ ಹಾಕಿ ದುಡ್ಡು ತಗೊಂಡರೆ ಏನು ನಷ್ಟ ಅಂತ ಕೇಳಬಹುದು. ನಷ್ಟ ಇದೆ. ಅಂಥ ಕಾಗದದಲ್ಲಿ ನಡುವೆ ಇನ್ನೊಂದು ಸಾಲು ಸೇರಿಸಿರುತ್ತಾರೆ. "ಸೇಫ್ಟಿ ಗಾರ್ಡ್ ನಾನೇ ತೆಗೆದು ಕೆಲಸ ಮಾಡಿದೆ" ಅಂತಲೋ, "ಡ್ಯೂಟಿ ಮುಗಿಸಿ ಹೋಗುವಾಗ ಬೈಕಿನಿಂದ ಬಿದ್ದೆ" ಅಂತಲೋ. ಬೇಕೆಂದೇ ಗಾರ್ಡ್ ತೆಗೆದ, ಕುಡಿದಿದ್ದ, ಸುರಕ್ಷತೆಗೆ ಕೊಟ್ಟ ಆದೇಶವನ್ನು ಬೇಕೆಂದೇ ಮೀರಿದ: ಇಂಥವು, ಇಲ್ಲವೇ ಗಾಯ ಕೆಲಸದಲ್ಲಿ ಆದದ್ದೇ ಅಲ್ಲ ಎನ್ನುವುದು, ಇಷ್ಟೇ ಬೆರಳು ಹೋದ ಕೇಸಿನಲ್ಲಿ ಪರಿಹಾರ ತಪ್ಪಿಸಲು ಅವರಿಗೆ ಇರುವ ದಾರಿ. ಸುಮ್ನೆ ಕೈ ಜಾರಿತು, ನಿದ್ದೆಗಣ್ಣಿನಲ್ಲಿ ಗಮನ ತಪ್ಪಿತು ಎನ್ನುವುದರಿಂದ ಹಕ್ಕು ಹೋಗುವುದಿಲ್ಲ. ಆದ್ದರಿಂದ ಅವರು ಬರೆದು ತಂದ ಯಾವ ಕಾಗದಕ್ಕೂ, ಖಾಲಿ ಹಾಳೆಗೂ ಸಹಿ ಬೇಡ. ಇಂಗ್ಲಿಷಿನಲ್ಲಿ ಇದ್ದರಂತೂ ಬೇಡವೇ ಬೇಡ.

ಈಗ ಆಸ್ಪತ್ರೆ ದಾಖಲೆ ನೋಡಿ. ಕೇಸ್ ಶೀಟ್‌ನಲ್ಲಿ, ಡಿಸ್ಚಾರ್ಜ್ ಸಮರಿಯಲ್ಲಿ ಗಾಯ ಹೇಗಾಯಿತು ಎಂದು ಬರೆದಿರುತ್ತಾರೆ. ನಮ್ಮ ಕಡೆ ಬಹಳ ಸಲ ಸೂಪರ್‌ವೈಸರೇ ಜೊತೆಗೆ ಹೋಗಿ "ಬಾಗಿಲಿಗೆ ಸಿಕ್ಕಿತು" ಎಂದು ಡಾಕ್ಟರ್ ಹತ್ತಿರ ಹೇಳಿಬಿಡುತ್ತಾರೆ. ನೋವಿನಲ್ಲಿರುವ ಹುಡುಗ ತಲೆ ಆಡಿಸುತ್ತಾನೆ. ಅಲ್ಲಿಗೆ ಕಾರ್ಖಾನೆಯ ಅಪಘಾತ ಮನೆಯ ಅಪಘಾತ ಆಗಿಹೋಗುತ್ತದೆ. ನಿಮ್ಮದರಲ್ಲಿ ಏನು ಬರೆದಿದೆ ಓದಿ. ತಪ್ಪಿದ್ದರೆ ತಮ್ಮನೇ ಡಾಕ್ಟರ್‌ಗೆ ನಿಜ ಹೇಳಿ, ಯಾವ ಮೆಷಿನ್, ಎಷ್ಟು ಗಂಟೆ ಎಂದು ಲಿಖಿತವಾಗಿ ಕೊಡಲಿ. ಎಂಎಲ್‌ಸಿ (ಪೊಲೀಸರಿಗೆ ತಿಳಿಸುವ ಮೆಡಿಕೋ-ಲೀಗಲ್ ಕೇಸ್ ದಾಖಲೆ) ಮಾಡಿದ್ದಾರಾ ಎಂದೂ ಕೇಳಿ. ಮಾಡಿಲ್ಲದಿದ್ದರೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೆ ಒಂದು ಸಲ ಕರೆದುಕೊಂಡು ಹೋಗಿ ತೋರಿಸಿ, ಅಲ್ಲಿನ ದಾಖಲೆಯಲ್ಲಿ ಸರಿಯಾದ ಕಾರಣ ಬರೆಸಿ.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಬೆರಳು ತುಂಡಾದರೆ ಆ ತುಂಡನ್ನು ಒದ್ದೆ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರ್‌ಗೆ ಹಾಕಿ ಗಂಟು ಕಟ್ಟಿ, ಆ ಕವರನ್ನು ಐಸ್ ನೀರಿನಲ್ಲಿ ಇಡಿ. ನೇರ ಐಸ್ ಮೇಲೆ ಇಡಬೇಡಿ, ಮಾಂಸ ಹಾಳಾಗುತ್ತದೆ. ಬೇಗ ದೊಡ್ಡ ಆಸ್ಪತ್ರೆ ಮುಟ್ಟಿದರೆ ಕೆಲವೊಮ್ಮೆ ಮತ್ತೆ ಜೋಡಿಸಬಹುದು.

ಮುಂದಿನದು ಇಎಸ್‌ಐ. ತಮ್ಮನ ಪೇ ಸ್ಲಿಪ್ ತೆಗೆದು ನೋಡಿ. 21,000 ರೂಪಾಯಿ ತನಕ ಸಂಬಳ ಇರುವವರಿಗೆ ಇಎಸ್‌ಐ ಇದೆ. ಕಾರ್ಮಿಕನಿಂದ 0.75 ಶೇಕಡಾ ಹಿಡಿಯುತ್ತಾರೆ, ಮಾಲೀಕರು 3.25 ಶೇಕಡಾ ಹಾಕುತ್ತಾರೆ. 14,500ಕ್ಕೆ ಲೆಕ್ಕ ಹಾಕಿದರೆ ತಿಂಗಳಿಗೆ 109 ರೂಪಾಯಿ. ಸ್ಲಿಪ್‌ನಲ್ಲಿ ಅಂಥದ್ದೊಂದು ಸಣ್ಣ ಕಡಿತ ಕಂಡರೆ ಅವನಿಗೆ ಇಎಸ್‌ಐ ಇದೆ ಎಂದರ್ಥ. ಇಷ್ಟು ತಿಂಗಳು ಕಟ್ಟಿರಬೇಕು ಎನ್ನುವ ನಿಯಮ ಕೆಲಸದ ಗಾಯಕ್ಕೆ ಇಲ್ಲ. ಸೇರಿದ ಮೊದಲ ದಿನವೇ ಗಾಯವಾದರೂ ಸಿಗಬೇಕು.

ಏನು ಸಿಗುತ್ತದೆ? ಒಂದು, ಗಾಯ ವಾಸಿಯಾಗಿ ಮತ್ತೆ ಕೆಲಸಕ್ಕೆ ಹೋಗುವ ತನಕ ದಿನದ ಸಂಬಳದ 90 ಶೇಕಡಾ. ನಿಮ್ಮ ತಮ್ಮನಿಗೆ ದಿನಕ್ಕೆ ಸುಮಾರು 430 ರೂಪಾಯಿ ಬರಬಹುದು. ಇದಕ್ಕೆ ಇಎಸ್‌ಐ ಡಾಕ್ಟರ್ ಕೊಡುವ ಸರ್ಟಿಫಿಕೇಟ್ ಬೇಕು. ನರ್ಸಿಂಗ್ ಹೋಂ ಚೀಟಿ ಒಂದೇ ಸಾಲುವುದಿಲ್ಲ. ಹಾಗಾಗಿ ನಾಳೆಯೇ ಅವನ ಕಾರ್ಡ್‌ನಲ್ಲಿ ಬರೆದಿರುವ ಡಿಸ್ಪೆನ್ಸರಿಗೆ ಹೋಗಿ. ಎರಡು, ಕೈ ವಾಸಿಯಾದ ಮೇಲೆ ಮೆಡಿಕಲ್ ಬೋರ್ಡ್ ಎಷ್ಟು ಶಕ್ತಿ ನಷ್ಟ ಎಂದು ತೀರ್ಮಾನ ಮಾಡಿ, ಅದರಂತೆ ಬದುಕಿರುವ ತನಕ ತಿಂಗಳು ತಿಂಗಳು ದುಡ್ಡು ಬರುತ್ತದೆ. ಕಾನೂನಿನ ಪಟ್ಟಿಯಲ್ಲಿ ತೋರುಬೆರಳು ಪೂರ್ತಿ ಹೋದರೆ 14 ಶೇಕಡಾ, ಎರಡು ಗೆಣ್ಣು ಹೋದರೆ 11, ಒಂದು ಗೆಣ್ಣಿಗೆ 9. ಹೆಬ್ಬೆರಳು ಪೂರ್ತಿ ಹೋದರೆ 30. ನಿಮ್ಮ ತಮ್ಮನ ಲೆಕ್ಕದಲ್ಲಿ 11 ಎಂದರೆ ತಿಂಗಳಿಗೆ ಸುಮಾರು 1,400 ರೂಪಾಯಿ. ಸಣ್ಣ ಮೊತ್ತ ಅನಿಸಬಹುದು. ಅವನಿಗಿನ್ನೂ 25 ವರ್ಷ, ಎರಡು ವರ್ಷ ತುಂಬುವ ಮೊದಲೇ ಅದು ಕಂಟ್ರಾಕ್ಟರ್ ಕೊಡುವ 25 ಸಾವಿರವನ್ನು ದಾಟುತ್ತದೆ. ಆಮೇಲೂ ಬರುತ್ತಲೇ ಇರುತ್ತದೆ. ಈ ಎರಡನೆಯದನ್ನು ಕೇಳದೆ ಬಿಟ್ಟವರೇ ಜಾಸ್ತಿ. ಬ್ಯಾಂಡೇಜ್ ಬಿಚ್ಚಿದ ಮೇಲೆ ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ. ನೀವೇ ಇಎಸ್‌ಐ ಬ್ರಾಂಚ್ ಆಫೀಸಿಗೆ ಹೋಗಿ ಮೆಡಿಕಲ್ ಬೋರ್ಡ್‌ಗೆ ಕಳಿಸಿ ಎಂದು ಕೇಳಬೇಕು.

ಇದಕ್ಕೆಲ್ಲ ಮೊದಲು ಮಾಲೀಕರು ಇಎಸ್‌ಐಗೆ ಅಪಘಾತದ ವರದಿ ಕಳಿಸಬೇಕು. ನಮ್ಮ ಕಡೆ ಎಲ್ಲರೂ ಅದನ್ನು ಫಾರಂ 12 ಎನ್ನುತ್ತಾರೆ. ಕಳಿಸಿದ್ದರೆ ಅದರ ಪ್ರತಿ ಕೇಳಿ. ಕಳಿಸಿಲ್ಲದಿದ್ದರೆ ತಮ್ಮನೇ ಬ್ರಾಂಚ್ ಆಫೀಸಿಗೆ ನಡೆದದ್ದನ್ನು ಬರೆದು ಕೊಟ್ಟು, ಸೀಲ್ ಹಾಕಿದ ಪ್ರತಿ ಇಟ್ಟುಕೊಳ್ಳಲಿ. ಇಎಸ್‌ಐ ಸಹಾಯವಾಣಿ 1800-11-2526, ಉಚಿತ.

ಕಂಟ್ರಾಕ್ಟರ್ ಅವನ ಹೆಸರನ್ನೇ ಇಎಸ್‌ಐಗೆ ಸೇರಿಸಿಲ್ಲ ಎಂದು ಗೊತ್ತಾದರೆ ಕೈ ಚೆಲ್ಲಬೇಡಿ. ನೋಂದಣಿ ಮಾಡಿಸದೆ ಇದ್ದದ್ದು ಮಾಲೀಕರ ತಪ್ಪು, ಅದಕ್ಕೆ ಕಾರ್ಮಿಕನ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪೇ ಇದೆ. ಒಂದು ವಿಷಯ ಮಾತ್ರ ನೋಡಿಕೊಳ್ಳಿ. ಗಾಯ ಆದ ಮೇಲೆ ಗಡಿಬಿಡಿಯಲ್ಲಿ ಹೆಸರು ಸೇರಿಸಿ, ಕೆಲಸಕ್ಕೆ ಸೇರಿದ ದಿನಾಂಕವನ್ನು ಮೊನ್ನೆ ಮೊನ್ನೆಯದು ಎಂದು ಹಾಕುವವರಿದ್ದಾರೆ. ಹಳೆಯ ಸಂಬಳ ಬ್ಯಾಂಕಿಗೆ ಬಂದ ಎಂಟ್ರಿ, ಗೇಟ್ ಪಾಸ್, ಶಿಫ್ಟ್ ಹಾಕಿದ ವಾಟ್ಸಾಪ್ ಮೆಸೇಜ್ ಎಲ್ಲ ಜೋಪಾನ ಮಾಡಿ. ತಮ್ಮನನ್ನು ಗ್ರೂಪಿನಿಂದ ತೆಗೆಯುವ ಮೊದಲೇ ಸ್ಕ್ರೀನ್‌ಶಾಟ್ ಹೊಡೆದಿಟ್ಟುಕೊಳ್ಳಿ.

ಆ ಕಾರ್ಖಾನೆ ಇಎಸ್‌ಐ ವ್ಯಾಪ್ತಿಗೇ ಬರುವುದಿಲ್ಲ ಎಂದಾದರೆ ಮಾತ್ರ ಮಾಲೀಕರಿಂದಲೇ ನೇರವಾಗಿ ಪರಿಹಾರ ಕೇಳುವ ದಾರಿ. ಎರಡನ್ನೂ ಒಟ್ಟಿಗೆ ಪಡೆಯಲು ಆಗುವುದಿಲ್ಲ. ಅಲ್ಲಿನ ಲೆಕ್ಕ ಹೀಗಿದೆ: ಸಂಬಳದ 60 ಶೇಕಡಾ, ಅಂದರೆ 8,700. ಅದನ್ನು 25 ವರ್ಷಕ್ಕೆ ಕಾನೂನು ಇಟ್ಟಿರುವ 216.91 ಎಂಬ ಅಂಕಿಯಿಂದ ಗುಣಿಸಬೇಕು. ಬಂದದ್ದರಲ್ಲಿ 11 ಶೇಕಡಾ ತೆಗೆದರೆ 2,07,000 ರೂಪಾಯಿಗೂ ಸ್ವಲ್ಪ ಮೇಲೆ. ಆ 25 ಸಾವಿರ ಎಲ್ಲಿ, ಇದೆಲ್ಲಿ ನೋಡಿ. ಈ ಅರ್ಜಿಗೆ ಅಪಘಾತದ ದಿನದಿಂದ ಎರಡು ವರ್ಷ ಅವಧಿ ಇದೆ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಇಎಸ್‌ಐ ಮತ್ತು ಪರಿಹಾರ ಎರಡೂ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. "ಹಳೆ ಕಾನೂನು ಹೋಯಿತು, ಇನ್ನು ಏನೂ ಸಿಗಲ್ಲ" ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ.

ಇನ್ನು "ಕಂಪನಿ ಮೇಲೆ ಹಕ್ಕಿಲ್ಲ" ಎನ್ನುವ ಮಾತು. ಇದು ಶುದ್ಧ ಸುಳ್ಳು. ಕಂಟ್ರಾಕ್ಟರ್ ಮೂಲಕ ಬಂದವರ ಇಎಸ್‌ಐ ವಂತಿಗೆಗೂ ಮೂಲ ಕಂಪನಿಯೇ ಹೊಣೆ. ಕಂಟ್ರಾಕ್ಟರ್ ಸಂಬಳ ಕೊಡದಿದ್ದರೆ ಕಂಪನಿ ಕೊಡಬೇಕು. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಸಂಬಳದ ವಿಷಯಕ್ಕೆ ದೊಡ್ಡ ಗಲಾಟೆ ಆಗಿದ್ದು ನಿಮಗೂ ನೆನಪಿರಬಹುದು. ಅಲ್ಲಿ ಹೆಚ್ಚಿನವರು ಬೇರೆ ಬೇರೆ ಏಜೆನ್ಸಿಗಳ ಕಂಟ್ರಾಕ್ಟ್ ಹುಡುಗರು, ಹುಡುಗಿಯರು. ಒಡೆದು ಹಾಕಿದ್ದು ಸರಿ ಎಂದು ನಾನು ಹೇಳುವುದಿಲ್ಲ. ಆದರೆ ಒಂದು ವಾರದಲ್ಲಿ ಕಂಪನಿಯೇ, ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಸಿಕ್ಕಿಲ್ಲ ಎಂದು ಒಪ್ಪಿಕೊಂಡು ಕ್ಷಮೆ ಕೇಳಿತು. ಏಜೆನ್ಸಿ ಕಡೆ ಬೆರಳು ತೋರಿಸಿ ಕೈತೊಳೆದುಕೊಳ್ಳಲು ಅದಕ್ಕೆ ಆಗಲಿಲ್ಲ.

ಮೆಷಿನ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಗಾರ್ಡ್ ಯಾರು ತೆಗೆದರು ಎಂಬುದರ ಮೇಲೆ ನಿಮ್ಮ ಕೇಸ್ ನಿಂತಿದೆ. ಕೈ ಕಾಪಾಡಲೆಂದೇ ಪವರ್ ಪ್ರೆಸ್‌ಗೆ ಎರಡು ಬಟನ್ ಇರುತ್ತವೆ, ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿಂದ ಬಡಿಯುವ ರ‍್ಯಾಮ್ ಇಳಿಯಬೇಕು. ಆಗ ಡೈ, ಅಂದರೆ ಅಚ್ಚಿನ ಒಳಗೆ ಕೈ ಇರಲು ಸಾಧ್ಯವೇ ಇಲ್ಲ. ಆದರೆ ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್ ಇಟ್ಟಾಗ ಒಂದು ಬಟನ್‌ಗೆ ಟೇಪ್ ಸುತ್ತಿ ಒತ್ತಿದಂತೆಯೇ ಇಟ್ಟುಬಿಡುತ್ತಾರೆ. ಒಂದು ಕೈಯಲ್ಲಿ ಪೀಸ್ ಇಡು, ಇನ್ನೊಂದರಲ್ಲಿ ಬಟನ್ ಒತ್ತು. ಕೆಲವು ಕಡೆ ಮುಂದೆ, ಕೈ ಅಡ್ಡ ಬಂದರೆ ಮೆಷಿನ್ ನಿಲ್ಲಿಸುವ ಲೈಟ್ ಕರ್ಟನ್ ಸೆನ್ಸರ್ ಇರುತ್ತದೆ, ಪದೇ ಪದೇ ಮೆಷಿನ್ ನಿಲ್ಲುತ್ತದೆ ಎಂದು ಅದನ್ನೂ ಬೈಪಾಸ್ ಮಾಡಿರುತ್ತಾರೆ. ನಾನು ಕೆಲಸ ಮಾಡುತ್ತಿದ್ದ ಕಡೆ ಆಡಿಟ್ ಇದೆ ಎಂದರೆ ಹಿಂದಿನ ರಾತ್ರಿ ಟೇಪ್ ಬಿಚ್ಚಿಸುತ್ತಿದ್ದರು, ಆಡಿಟರ್ ಕಾರು ಗೇಟ್ ದಾಟಿದ ಮೇಲೆ ಮತ್ತೆ ಸುತ್ತಿಸುತ್ತಿದ್ದರು. ಬಟನ್ ಸುತ್ತ ಹಳೆ ಟೇಪಿನ ಅಂಟು ಕಪ್ಪಗೆ ಮೆತ್ತಿಕೊಂಡಿರುತ್ತಿತ್ತು. ತೊಡೆಯನ್ನೇ ಮೆಷಿನ್ ಅಂದುಕೊಂಡು, ಬಟನ್ ಎಲ್ಲಿತ್ತು, ಹೇಗೆ ನಡೆಯಿತು ಅಂತ ತೋರಿಸಲು ತಮ್ಮನಿಗೆ ಹೇಳಿ. ಅವನಿಗೆ ಎಲ್ಲ ನೆನಪಿರುತ್ತದೆ.

ಫೋನ್ ಗೇಟ್‌ನಲ್ಲೇ ಇಟ್ಟು ಹೋಗಬೇಕಾದ ಕಾರಣ ಫೋಟೊ ಇರುವುದಿಲ್ಲ. ಹಾಗಾಗಿ ಈಗಲೇ ಒಂದು ನೋಟ್‌ಬುಕ್‌ನಲ್ಲಿ ಬರೆಸಿ. ಮೆಷಿನ್ ನಂಬರ್, ಯಾವ ಪಾರ್ಟ್ ಓಡುತ್ತಿತ್ತು, ಟೇಪ್ ಹಾಕಲು ಹೇಳಿದ್ದು ಯಾರು, ಆವತ್ತು ಎಷ್ಟನೇ ಗಂಟೆಯ ಡ್ಯೂಟಿ, ಡಬಲ್ ಶಿಫ್ಟ್ ಆಗಿತ್ತಾ, ಪಕ್ಕದಲ್ಲಿ ಯಾರಿದ್ದರು. ಆ ಪಕ್ಕದವನು ಒಡಿಶಾ, ಬಿಹಾರದ ಹುಡುಗನಾಗಿದ್ದರೆ ಊರಿಗೆ ಹೋಗುವ ಮೊದಲು ಅವನ ನಂಬರ್ ತಗೊಳ್ಳಿ. ಅವರಿಗೆ ಹೀಗಾದಾಗ ಅಕ್ಕ ತಂಗಿ ಯಾರೂ ಹತ್ತಿರ ಇರುವುದಿಲ್ಲ, ರೂಮಿನವರೇ ರೈಲು ಹತ್ತಿಸಿ ಕಳಿಸಿಬಿಡುತ್ತಾರೆ. ಅವನಿಗೂ ಈ ವಿಷಯ ಹೇಳಿಡಿ. ಮೆಷಿನ್ ಬಗ್ಗೆ ದೂರನ್ನು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆಗೆ ಕೊಡಬೇಕು. ಮುಂದೆ ಅದೇ ಪ್ರೆಸ್ ಮೇಲೆ ಕೂರುವ ಹುಡುಗನಿಗಾಗಿ ಆದರೂ ಕೊಡಿ.

ಲಾಯರ್‌ಗೆ ದುಡ್ಡಿಲ್ಲ ಎಂದು ಬರೆದಿದ್ದೀರಿ. ಬೇಕಾಗಿಲ್ಲ. ಕೋಲಾರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಕೊಡಬೇಕು ಎಂದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಲ್ಲಿದೆ.

ಕೆಲಸ ಉಳಿಯುತ್ತದಾ ಎಂದು ಕೊನೆಗೆ ಕೇಳಿದ್ದೀರಿ. ಗಾಯಕ್ಕೆ ಇಎಸ್‌ಐ ದುಡ್ಡು ಬರುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ. ಆಮೇಲಿನದ್ದು ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಬಹಳ ಜನರಿಗೆ ಕಂಟ್ರಾಕ್ಟರ್ ಫೋನ್ ಎತ್ತುವುದನ್ನೇ ನಿಲ್ಲಿಸುತ್ತಾನೆ. ಹಾಗೆ ಮಾಡಿದರೆ ಜಿಲ್ಲಾ ಕಾರ್ಮಿಕ ಅಧಿಕಾರಿ ಕಚೇರಿಯಲ್ಲಿ ದೂರು ಕೊಡಬಹುದು. ಅದಕ್ಕೆ ತಿಂಗಳುಗಟ್ಟಲೆ ಓಡಾಡಬೇಕಾಗುತ್ತದೆ. ಆದರೆ ಕೆಲಸ ಹೋಗುತ್ತದೆ ಎಂಬ ಭಯಕ್ಕೆ ಸಹಿ ಹಾಕಿದವರನ್ನೂ ಉಳಿಸಿಕೊಂಡದ್ದನ್ನು ನಾನು ನೋಡಿಲ್ಲ.

ಪೇ ಸ್ಲಿಪ್‌ನಲ್ಲಿ ಇಎಸ್‌ಐ ಕಡಿತ ಇದೆಯಾ, ಡಿಸ್ಚಾರ್ಜ್ ಸಮರಿಯಲ್ಲಿ ಕಾರಣ ಏನು ಬರೆದಿದೆ, ಇವೆರಡನ್ನು ನೋಡಿ ಇಲ್ಲೇ ಕೆಳಗೆ ತಿಳಿಸಿ. ತಮ್ಮನ ಹೆಸರು, ಇಎಸ್‌ಐ ನಂಬರ್ ಹಾಕಬೇಡಿ. ಅದರ ಮೇಲೆ ಬ್ರಾಂಚ್ ಆಫೀಸಿಗೆ ಕೊಡುವ ಅರ್ಜಿ ಹೇಗಿರಬೇಕು ಎಂದು ಕನ್ನಡದಲ್ಲೇ ಬರೆದು ಹಾಕುತ್ತೇನೆ, ನೀವು ಕೈಯಿಂದ ಬರೆದುಕೊಂಡು ಹೋದರೂ ನಡೆಯುತ್ತದೆ.