ಪ್ರ: ಕೆಲಸ ಹೋದ ಮೇಲೆ ಬರುವ ಇಎಸ್‌ಐ (ನೌಕರರ ರಾಜ್ಯ ವಿಮೆ) ಭತ್ಯೆಯನ್ನು ಸಾಲ ಕೊಟ್ಟವರು ಜಪ್ತಿ ಮಾಡಿಸಬಹುದೇ?

ಕಾಸರಗೋಡು ಮುನ್ಸಿಫ್ ಕೋರ್ಟಿನಲ್ಲಿ ಸಾಲ ಕೊಟ್ಟ ಫೈನಾನ್ಸ್‌ನವರ ಪರ ಡಿಕ್ರಿ (ಸಾಲ ವಸೂಲಿಯ ತೀರ್ಪು) ಆಗಿದೆ, ಕೆಲಸ ಹೋದವರಿಗೆ ಇಎಸ್‌ಐ ಭತ್ಯೆ ಕೊಡುವ ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆಯ ದುಡ್ಡು ಬರಲಿದೆ ಎಂದು ಬರೆದಿದ್ದೀರಿ. ಹೆದರಬೇಡಿ. ಇಎಸ್‌ಐಯ ನಗದು ಸೌಲಭ್ಯವನ್ನು ಡಿಕ್ರಿ ಜಾರಿಗಾಗಿ ಜಪ್ತಿ ಮಾಡುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. ಪಿಎಫ್ ಖಾತೆಯಲ್ಲಿರುವ ಹಣಕ್ಕೂ ಅಂಥದೇ ರಕ್ಷಣೆ ಇದೆ.

ತೊಡಕು ಆಗುವುದು ಹಣ ಬ್ಯಾಂಕಿಗೆ ಬಂದ ಮೇಲೆ. ಕೋರ್ಟಿನ ಆದೇಶ ಬಂದರೆ ಬ್ಯಾಂಕಿನವರು ಯಾವ ದುಡ್ಡು ಎಲ್ಲಿಂದ ಬಂತು ಎಂದು ನೋಡುವುದಿಲ್ಲ, ಇಡೀ ಖಾತೆ ತಡೆಹಿಡಿಯುತ್ತಾರೆ. ಅಡಿಕೆ ಮಾರಿದ ಹಣವೂ ಅದರಲ್ಲೇ ಬೆರೆತಿದ್ದರೆ ಬೇರ್ಪಡಿಸಿ ತೋರಿಸುವುದು ಕಷ್ಟ. ಹಾಗಾಗಿ ಭತ್ಯೆಗೆಂದೇ ಬೇರೆ ಖಾತೆ ತೆರೆಯಿರಿ. ನಿಮ್ಮ ಸಾಲವಿರುವ ಬ್ಯಾಂಕಿನಲ್ಲಿ ಮಾತ್ರ ಬೇಡ, ಅವರು ಬಾಕಿಗೆ ತಾವೇ ವಜಾ ಮಾಡಿಕೊಳ್ಳುವ ಸಂಭವವಿದೆ.

ಖಾತೆ ತಡೆದರೆ ಪಾಸ್‌ಬುಕ್, ಇಎಸ್‌ಐ ಮಂಜೂರಾತಿ ಪತ್ರ ಹಿಡಿದು ಅದೇ ಕೋರ್ಟಿನಲ್ಲಿ ಆಕ್ಷೇಪ ಹಾಕಿ. ನೋಟೀಸು ಮಲಯಾಳದಲ್ಲಿದೆ ಎಂದು ಬದಿಗಿಡಬೇಡಿ, ತಾರೀಕು ತಪ್ಪಿದರೆ ಬಹಳ ಪೇಚಾಟ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕಾರ್ಖಾನೆ ಕಾರ್ಮಿಕರಿಗೆ ಉಚಿತ ವಕೀಲರು ಸಿಗುತ್ತಾರೆ.

ಮತ್ತೆ ಕೆಲಸ ಸಿಕ್ಕಿದರೆ ಲೆಕ್ಕ ಬೇರೆ: ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲು ಮುಟ್ಟುವಂತಿಲ್ಲ. 25,000 ಸಂಬಳಕ್ಕೆ ಹೆಚ್ಚೆಂದರೆ 8,000 ಹಿಡಿಯಬಹುದು, ಅದೂ ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ಜೀವನಾಂಶದ ಡಿಕ್ರಿಗೆ ಈ ಲೆಕ್ಕ ಅನ್ವಯಿಸದು.