ಸಂಪಾದಕರ ಉತ್ತರ: ಓದಿ ಮೇಲೆ ಬಂದವರ ಒಂಟಿತನ

ರಾಯಚೂರು ಜಿಲ್ಲೆಯ ಹಳ್ಳಿಯಿಂದ ಬಂದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಎಂಜಿನಿಯರ್ ಆಗಿರುವ, ಮನೆತನದಲ್ಲೇ ಮೊದಲು ಪದವಿ ಪಡೆದ ಓದುಗರೊಬ್ಬರು ಬರೆದಿದ್ದಾರೆ: ಊರಿಗೆ ಹೋದರೆ ಕಟ್ಟೆಯ ಮೇಲೆ ಜೊತೆಗೆ ಕೂರುತ್ತಿದ್ದ ಗೆಳೆಯರು ನನಗೊಂದು ಕುರ್ಚಿ ತರಿಸಿ ಮಾತು ನಿಲ್ಲಿಸುತ್ತಾರೆ, ಕಚೇರಿಯಲ್ಲಿ ಊಟದ ಹೊತ್ತಿನ ಹರಟೆಯಲ್ಲಿ ನನಗೆ ಜಾಗವೇ ಇರುವುದಿಲ್ಲ, ಹಾಗಾದರೆ ಓದಿದ್ದೇ ತಪ್ಪಾಯಿತೇ?

ಖಂಡಿತ ಇಲ್ಲ. ಹಾಗೆಂದು ನಿಮ್ಮ ನೋವನ್ನು ಕೃತಘ್ನತೆ ಎನ್ನುವವರ ಮಾತನ್ನೂ ನಾನು ಒಪ್ಪಲಾರೆ. ಒಂದು ತರಗತಿಯಿಂದ ಒಬ್ಬನನ್ನು ಆರಿಸಿ ವಸತಿ ಶಾಲೆಗೆ, ಅಲ್ಲಿಂದ ಕಾಲೇಜಿಗೆ, ಮುಂದೆ ನಗರಕ್ಕೆ ಕಳುಹಿಸುವ ನಮ್ಮ ಪದ್ಧತಿ, ಅವನ ಪಕ್ಕದಲ್ಲಿ ಕೂತಿದ್ದವರನ್ನು ಅಲ್ಲೇ ಬಿಟ್ಟುಬಿಡುತ್ತದೆ. ನಿಮ್ಮನ್ನು ಕಂಡಾಗಲೆಲ್ಲ ಆ ಗೆಳೆಯರಿಗೆ ತಾವೇಕೆ ಉಳಿದೆವೆಂಬುದು ನೆನಪಾಗುತ್ತಿರಬಹುದು.

ಕಚೇರಿಯ ವಿಷಯ ಬೇರೆ. ನಿಮ್ಮ ಪೂರ್ತಿ ಹೆಸರನ್ನು ಮತ್ತೆ ಮತ್ತೆ ಕೇಳುವವರ ಬಗ್ಗೆ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ನನಗೆ ಪತ್ರದಲ್ಲಿ ಅದೇ ಮುಖ್ಯವಾಗಿ ಕಂಡಿತು. 1917ರಲ್ಲಿ, ಕೊಲಂಬಿಯಾದಲ್ಲೂ ಲಂಡನ್ನಿನಲ್ಲೂ ಓದಿ ಬರೋಡಾ ಸಂಸ್ಥಾನದ ಸೇವೆಗೆ ಬಂದ ಅಂಬೇಡ್ಕರ್ ಅವರಿಗೆ ಆ ಊರಿನಲ್ಲಿ ಇರಲು ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹವೊಂದರ ಮಹಡಿಯಲ್ಲಿ, ಮಾತಿಗೆ ಒಬ್ಬ ಮನುಷ್ಯನೂ ಇಲ್ಲದೆ, ಪುಸ್ತಕಗಳನ್ನೇ ಆಶ್ರಯಿಸಿ ಕಳೆದ ದಿನಗಳನ್ನು ಅವರೇ ಬರೆದಿಟ್ಟಿದ್ದಾರೆ. ಕೊನೆಗೆ ದೊಣ್ಣೆ ಹಿಡಿದು ಬಂದವರು ಅಲ್ಲಿಂದಲೂ ಅವರನ್ನು ಹೊರಡಿಸಿದರು. ಅಷ್ಟು ಓದಿದವರನ್ನು ಒಂಟಿಯಾಗಿಸಿದ್ದು ಜಾತಿ. ಇಂದು ಅದು ಸಭ್ಯವಾದ ಪ್ರಶ್ನೆಯ ರೂಪದಲ್ಲಿ ಬಂದರೆ, ಅದನ್ನು ನಿಮ್ಮ ಸಂಕೋಚ ಸ್ವಭಾವದ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. ಹಾಸ್ಟೆಲಿನಲ್ಲಿ ನಿಮ್ಮೊಂದಿಗಿದ್ದವರಲ್ಲಿ ಕೆಲವರಾದರೂ ಇದೇ ನಗರದಲ್ಲಿ ಇದೇ ಪ್ರಶ್ನೆಗೆ ಉತ್ತರಿಸುತ್ತಿರುತ್ತಾರೆ, ಅವರನ್ನು ಹುಡುಕಿ.

ಒಂದು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಪ್ಪನಿಗೆ ಅರ್ಥವಾಗುವುದಿಲ್ಲವೆಂದು ಕೆಲಸದ ವಿಷಯ ಹೇಳುವುದನ್ನೇ ಬಿಟ್ಟಿದ್ದೇನೆ ಎಂದಿದ್ದೀರಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ ಭತ್ತ ಬೆಳೆಯುತ್ತ, ಮೇಲಿನವರು ಬಳಸಿ ಉಳಿದ ನೀರು ತಮ್ಮ ಗದ್ದೆಗೆ ಯಾವಾಗ, ಎಷ್ಟು ಬಂದೀತೆಂದು ಲೆಕ್ಕ ಹಾಕಿಯೇ ಬದುಕಿದವರು ಅವರು. ಎಲ್ಲೋ ಹೊರಟ ಮಾಹಿತಿ ನಡುವೆ ಸೋರದೆ, ತಡವಾಗದೆ ತಲುಪುವಂತೆ ನೋಡಿಕೊಳ್ಳುವ ನಿಮ್ಮ ಕೆಲಸ ಅವರಿಗೆ ಅರ್ಥವಾಗದೇ ಇರಲು ಕಾರಣವೇ ಇಲ್ಲ. ತಿಂಗಳಿಗೆ ಕಳುಹಿಸುವ ಹಣದ ಮಾತನ್ನು ಒಂದು ದಿನ ಬದಿಗಿಟ್ಟು ಇದನ್ನು ವಿವರಿಸಿ. ಅವರು ಏನೇನು ಕೇಳಿದರೆಂದು ನಮಗೂ ಬರೆಯಿರಿ.