ಮೊದಲು ಗೇಟಲ್ಲಿ ನಿಲ್ಲಿ, ಕೋರ್ಸ್ ಆಮೇಲೆ

ಪ್ರಶ್ನೆ: ದಕ್ಷಿಣ ಕನ್ನಡದ ಇಸ್ಲಾಮಿಕ್ ಶಾಲೆಯೊಂದರಲ್ಲಿ ಪ್ರಿನ್ಸಿಪಾಲ್ ಆಗಿ ಎಂಟು ತಿಂಗಳಾಯಿತು. ಬೆಳಗಿನ ಮದ್ರಸ ಮುಗಿಸಿ ಬರುವ ಮಕ್ಕಳು ಮೊದಲ ಪೀರಿಯಡ್‌ಗೆ ದಿನಾ ತಡ. ದಂಡ ಹಾಕಿದರೂ ಪ್ರಯೋಜನವಿಲ್ಲ. ಗಣಿತದ ಟೀಚರಿಗೂ ಮದ್ರಸದಲ್ಲಿ ಕಲಿಸುವ ಉಸ್ತಾದರಿಗೂ ಮಾತಿಲ್ಲ. ನಾಯಕತ್ವದ ಯಾವ ಕೋರ್ಸ್ ಮಾಡಲಿ?

ಉತ್ತರ: ಈ ವರ್ಷ ಕೋರ್ಸ್ ಕೇಳಿದವರಲ್ಲಿ ನೀವು ಎಷ್ಟನೆಯವರೋ, ಲೆಕ್ಕ ಬಿಟ್ಟಿದ್ದೇನೆ. ಸರ್, ಒಂದು ದಿನವಾದರೂ ಬೆಳಗ್ಗೆ ಗೇಟಲ್ಲಿ ನಿಂತಿದ್ದೀರಾ? ಎಷ್ಟು ಮಕ್ಕಳು, ಯಾವ ಮದ್ರಸ, ಎಷ್ಟು ನಿಮಿಷ ತಡ? ಪತ್ರದಲ್ಲಿ ಒಂದೂ ಇಲ್ಲ. ದಂಡ ಮಾತ್ರ ಇದೆ.

ದಂಡ ನಾನೂ ಹಾಕಿದ್ದೆ, ದಿನಕ್ಕೆ ಹತ್ತು ರೂಪಾಯಿ. ಎರಡನೇ ವಾರ ನೋಡಿದರೆ ಏಳನೇ ಕ್ಲಾಸಿನ ಹುಡುಗನೊಬ್ಬ ಟೋಪಿ ಮಡಚಿ ಜೇಬಿಗಿಟ್ಟು ಕಾಂಪೌಂಡಿನಾಚೆ ಕೂತಿದ್ದ. ಎರಡನೇ ಬೆಲ್ಲಿಗೆ ಕಾಯುತ್ತಿದ್ದ. ತಡವಾಗಿ ಬರುತ್ತಿದ್ದವನಿಗೆ ಚಕ್ಕರ್ ಹೊಡೆಯುವುದು ಕಲಿಸಿದವನು ನಾನೇ.

ಆಮೇಲೆ ಐದು ದಿನ ನೋಟ್‌ಬುಕ್ ಹಿಡಿದು ಗೇಟಲ್ಲಿ ನಿಂತೆ. ತಡವಾದವರು ಹೆಚ್ಚುಕಮ್ಮಿ ಎಲ್ಲರೂ ಒಂದೇ ಮದ್ರಸದವರು. ಅಲ್ಲಿ ಬಿಡುವುದು ಒಂಬತ್ತಕ್ಕೆ, ನಮ್ಮ ಬಸ್ ಅಲ್ಲಿಂದ ಹೊರಡುವುದು 8.55ಕ್ಕೆ! ಆ ಟೈಮ್ ಬರೆದುಕೊಟ್ಟವನೂ ನಾನೇ. ಉಸ್ತಾದರನ್ನು ರೂಮಿಗೆ ಕರೆಸಲಿಲ್ಲ, ನಾನೇ ಹೋದೆ. ಚಾ ಕುಡಿಯುತ್ತಾ ನೋಟ್‌ಬುಕ್ ತೋರಿಸಿದೆ. ಕೊನೆಗೆ ಕರೆಯುತ್ತಿದ್ದ ಹಾಜರಿಯನ್ನು ಅವರು ಶುರುವಿಗೆ ತಂದರು, ಐದು ನಿಮಿಷ ಬೇಗ ಬಿಟ್ಟರು. ನಾನು ಬಸ್ಸನ್ನು ಐದು ನಿಮಿಷ ನಿಲ್ಲಿಸಿದೆ. ಅಷ್ಟೇ.

ಕಮಿಟಿ ಅಧ್ಯಕ್ಷರು ತೀರ್ಮಾನ ಹೇಳಿ ಉಳಿದವರು ತಲೆಯಾಡಿಸುವುದಕ್ಕೆ 'ಶೂರಾ', ಅಂದರೆ ಸಮಾಲೋಚನೆ, ಅನ್ನುವವರಿದ್ದಾರೆ. ಕೇಳಿದರೆ ಮೈ ಉರಿಯುತ್ತದೆ. ಕುರ್‌ಆನಿನ 42ನೇ ಅಧ್ಯಾಯದ ಹೆಸರೇ ಅಶ್ಶೂರಾ. ಪರಸ್ಪರ ಸಮಾಲೋಚಿಸಿ ನಡೆಯುವವರನ್ನು ಅದು ಮೆಚ್ಚುತ್ತದೆ. ಬೇರೆಯವರ ಮಾತು ಕೇಳಿ ನಿರ್ಧಾರ ಬದಲಾಗಲು ಜಾಗವೇ ಇಲ್ಲದಿದ್ದರೆ ಅದೆಂಥ ಸಮಾಲೋಚನೆ, ಅಲ್ವಾ? ಟೀಚರನ್ನೂ ಉಸ್ತಾದರನ್ನೂ ಎದುರುಬದುರು ಅಲ್ಲ, ಒಂದೇ ಬೆಂಚಿನಲ್ಲಿ ಕೂರಿಸಿ. ಐದು ದಿನದ ಲೆಕ್ಕ ಮುಂದಿಡಿ. ನೀವು ಕೊನೆಗೆ ಮಾತಾಡಿ.

ಪ್ರಶ್ನೆ: ಒಂದು ದಿನದ ಲೀಡರ್‌ಶಿಪ್ ಶಿಬಿರ, ಸರ್ಟಿಫಿಕೇಟ್ ಸಮೇತ. ಹೋಗಬಹುದಾ?

ಉತ್ತರ: ಊಟ ಚೆನ್ನಾಗಿರುತ್ತದೆ. ಕಣ್ಣು ಮುಚ್ಚಿಸಿ 'ನಾನೇ ನಾಯಕ' ಎಂದು ಹೇಳಿಸುವವರಿಗೆ ನಿಮ್ಮ ಶಾಲೆಯ ಬಸ್ ಟೈಮ್ ಗೊತ್ತಿರುವುದಿಲ್ಲ.

ಪ್ರಶ್ನೆ: ರಂಜಾನ್ ಪರೀಕ್ಷೆಗೆ ಅಡ್ಡ ಬರುತ್ತಿದೆ, ಏನು ಮಾಡಲಿ?

ಉತ್ತರ: ರಂಜಾನ್ ಹೇಳದೆ ಬರುವ ನೆಂಟನಾ? ವರ್ಷಕ್ಕೆ 10–11 ದಿನ ಮುಂಚೆ ಬರುತ್ತದೆ. 2025ರಲ್ಲಿ ಮಾರ್ಚ್, 2030ರಲ್ಲಿ ಜನವರಿಗೊಮ್ಮೆ, ಡಿಸೆಂಬರ್ ಕೊನೆಗೆ ಇನ್ನೊಮ್ಮೆ. ಜೂನ್‌ನಲ್ಲೇ ಕ್ಯಾಲೆಂಡರಿಗೆ ಗುರುತು ಹಾಕಿ. ಚಂದ್ರ ಕಂಡಂತೆ ಒಂದು ದಿನ ಆಚೀಚೆ ಆದೀತು, ಅಷ್ಟೇ.